ಹಳ್ಳದ ಬೆನ್ನು ಹತ್ತಿ ಸಮುದ್ರಕ್ಕೆ

"ಅಣ್ಣಾರ, ಮುಂಜಾನೆ ಹೋಗಿ ರಾತ್ರಿ ಮನಿಗೆ ಬರೂವಂಗ ಸಮುದ್ರಾ ನೋಡಾಕ ಆಗತೈತೇನ್ರಿ?"

ಕಂಪೌಂಡ್ ಗೋಡೆಯ ಆಚೆ ಮೆಣಸಿನಕಾಯಿ ಒಣಹಾಕುತ್ತಿದ್ದ ಬಾಜೂಮನೆ ಅಕ್ಕಾರು ಕೇಳಿದರು. ತಮಗಾಗಿ ಕೇಳಿದ್ದಲ್ಲ, ಅತ್ತೆಗಾಗಿ. ಆ ಹಿರಿಯರಿಗೆ ಎಪ್ಪತ್ತು ದಾಟಿದೆ. ನವಲಗುಂದದ ಕರಿನೆಲದಲ್ಲಿ ಹುಟ್ಟಿ ಧಾರವಾಡಕ್ಕೆ ಸೊಸೆಯಾಗಿ ಬಂದವರು. ಸವದತ್ತಿ, ಶ್ರೀಶೈಲ ನೋಡಿದ್ದಾರೆ. ಚಕ್ಕಡಿಯಲ್ಲಿ ಕೂತು ಉಳವಿ ಜಾತ್ರೆಗೂ ಹೋಗಿ ಬಂದಿದ್ದಾರೆ. ಉಳವಿಯಿಂದ ಘಟ್ಟ ಇಳಿದರೆ ಕಡಲು. ಆದರೆ ಅಲ್ಲಿತನಕ ಹೋಗಿಯೂ ಚೆನ್ನಬಸವಣ್ಣನಿಗೆ ಕೈಮುಗಿದು ಎತ್ತುಗಳನ್ನು ಊರ ಕಡೆ ತಿರುಗಿಸಿದವರು ಅವರು. ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಸಮುದ್ರ ತೋರಿಸಿದಾಗ, "ಇದಕ್ಕ ಆಚೀ ದಂಡಿ ಇಲ್ಲೇನವಾ?" ಎಂದು ಕೇಳಿದರಂತೆ. ಸೊಸೆಯ ಮನಸ್ಸಿಗೆ ಅದು ತಾಗಿದೆ.

"ಆಗತೈತ್ರಿ ಅಕ್ಕಾರ. ಈ ಚಳಿಗಾಲದಾಗನ ಕರಕೊಂಡ ಹೋಗ್ರಿ" ಎಂದೆ.

ಮಾತು ಎಲ್ಲಿಗೆ ಹೋಗುವುದೆಂಬಲ್ಲಿಗೆ ಬಂತು. ಮಗ ಗೋವಾ ಎನ್ನುತ್ತಾನೆ, ಯಜಮಾನರು ಮುರ್ಡೇಶ್ವರ ಎನ್ನುತ್ತಾರೆ. ನಾನು ಅಂಕೋಲೆ ಎಂದೆ. ಧಾರವಾಡದಿಂದ ಸುಮಾರು 140 ಕಿಲೋಮೀಟರ್, ಮೂರೂವರೆ ನಾಲ್ಕು ತಾಸಿನ ದಾರಿ. ಆದರೆ ನಾನು ಅಂಕೋಲೆ ಎಂದದ್ದು ಹತ್ತಿರ ಎಂಬ ಕಾರಣಕ್ಕಲ್ಲ. ನಮ್ಮೂರ ಹಳ್ಳ ಹೋಗಿ ಕೂಡುವ ಸಮುದ್ರ ಅದು.

"ಯಾವ ಹಳ್ಳಾರೀ?"

"ಶಾಲ್ಮಲಾ. ಸೋಮೇಶ್ವರ ಗುಡಿ ಹಂತೇಕ ಹುಟ್ಟತದಲ್ಲ, ಅದ."

ಅಕ್ಕಾರು ಮೆಣಸಿನಕಾಯಿ ಬಿಟ್ಟು ಗೋಡೆಗೆ ಬಂದು ಆತುಕೊಂಡರು. ಧಾರವಾಡದಲ್ಲಿ ಬಾಳಿದ ಯಾರಿಗೇ ಆಗಲಿ ಶಾಲ್ಮಲೆಯ ಹೆಸರು ಗೊತ್ತು. ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ಕಡಿಮೆ. ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಆ ಸಣ್ಣ ನೀರು ಕಲಘಟಗಿಯ ಹತ್ತಿರ, ಹುಬ್ಬಳ್ಳಿಯ ಉಣಕಲ್ ಕೆರೆಯ ಕಡೆಯಿಂದ ಬರುವ ಹಳ್ಳವನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದು ಬೇಡ್ತಿ. ಯಲ್ಲಾಪುರದ ಕಾಡಿನಲ್ಲಿ ಮೈತುಂಬಿಕೊಂಡು ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಕ್ಕೆ ಜಿಗಿದು, ಘಟ್ಟದ ಬುಡದಲ್ಲಿ ಗಂಗಾವಳಿಯಾಗಿ, ಅಂಕೋಲೆಯ ದಕ್ಷಿಣಕ್ಕೆ ಅರಬ್ಬಿ ಸಮುದ್ರ ಸೇರುತ್ತದೆ. ಒಟ್ಟು ಉದ್ದ ನೂರೈವತ್ತು ಕಿಲೋಮೀಟರಿನ ಆಸುಪಾಸು. ನಾವು ಕಾರಿನಲ್ಲಿ ಹೋಗುವ ದಾರಿಯೂ ಹೆಚ್ಚು ಕಡಿಮೆ ಅಷ್ಟೇ.

ಧಾರವಾಡ ಇರುವುದು ನೀರು ಇಬ್ಭಾಗವಾಗುವ ದಿಬ್ಬದ ಮೇಲೆ. ಪಶ್ಚಿಮದ ಇಳುಕಲಿಗೆ ಬಿದ್ದ ಮಳೆ ಹೀಗೆ ಅಂಕೋಲೆಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ತುಪ್ಪರಿಹಳ್ಳ, ಬೆಣ್ಣಿಹಳ್ಳ ಹಿಡಿದು ನವಲಗುಂದದ ಹೊಲಗಳ ಪಕ್ಕದಲ್ಲಿ ಹರಿದು ಮಲಪ್ರಭೆ ಸೇರಿ, ಕೃಷ್ಣೆಯಾಗಿ, ದೇಶದ ಆ ತುದಿಯ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಕ್ಕಾರ ಅತ್ತೆಯ ತವರಿನ ಹಳ್ಳ ಒಂದು ಸಮುದ್ರಕ್ಕೆ, ಗಂಡನ ಮನೆಯ ಹಳ್ಳ ಇನ್ನೊಂದು ಸಮುದ್ರಕ್ಕೆ. ನಾವು ಬಯಲುಸೀಮೆಯವರು, ಕಡಲಿಗೂ ನಮಗೂ ಏನು ಸಂಬಂಧ ಎಂದು ಯಾರಾದರೂ ಅಂದರೆ ನನಗೆ ಸಂಕಟವಾಗುತ್ತದೆ. ನಮ್ಮ ರೈಲು ನಿಲ್ದಾಣದ ಹಳದಿ ಹಲಗೆಯ ಮೇಲೂ ಸಮುದ್ರಮಟ್ಟದಿಂದ ಇಷ್ಟು ಎತ್ತರ ಎಂದು ಬರೆದಿರುತ್ತದೆ. ಧಾರವಾಡ ಏಳುನೂರು ಮೀಟರಿಗೂ ಮೇಲಿದೆ. ಅಷ್ಟು ಎತ್ತರವನ್ನು ಒಂದೇ ಮುಂಜಾನೆಯಲ್ಲಿ ಇಳಿಯುವ ಸುಖ ಬೇರೆಯೇ.

ಹೊರಡುವ ಹೊತ್ತು ಐದಕ್ಕೆ ಮೊದಲು ಎಂದೆ. ಕಲಘಟಗಿಯ ತನಕ ಕತ್ತಲಿರುತ್ತದೆ. ಕಿರವತ್ತಿಯ ಆಸುಪಾಸು ಬೆಳಕು ಹರಿಯುವಾಗ ಸಾಗವಾನಿ ಕಾಡು ಶುರುವಾಗಿರುತ್ತದೆ. ಯಲ್ಲಾಪುರದಲ್ಲಿ ಚಹಾ. ಆಮೇಲೆ ಅರಬೈಲು ಘಾಟು. ಲಾರಿಗಳ ಹಿಂದೆ ನಿಧಾನವಾಗಿ ಇಳಿಯಬೇಕು, ಓವರ್‌ಟೇಕ್ ಮಾಡುವ ಹುಮ್ಮಸ್ಸನ್ನು ಮಗ ಮನೆಯಲ್ಲೇ ಬಿಟ್ಟು ಬರಬೇಕು. ಹಿರಿಯರನ್ನು ಮುಂದಿನ ಸೀಟಿನಲ್ಲಿ ಕೂಡಿಸಿ. ಘಟ್ಟದ ತಿರುವಿನಲ್ಲಿ ಹಿಂದೆ ಕೂತವರಿಗೇ ವಾಂತಿ ಹೆಚ್ಚು. ಘಟ್ಟ ಇಳಿದು ರಾಮನಗುಳಿ, ಸುಂಕಸಾಳ ಬಂದಾಗ ಎಡಗಡೆ ನೋಡಲು ಹೇಳಿ. ರಸ್ತೆಯ ಜೊತೆಜೊತೆಗೇ ಒಂದು ಹೊಳೆ ಹರಿಯುತ್ತಿರುತ್ತದೆ. ಅದು ನಮ್ಮದೇ ನೀರು.

ಈ ದಾರಿಗೆ ರೈಲು ಬರುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳುತ್ತಲೇ ಬೆಳೆದೆವು. ಹುಬ್ಬಳ್ಳಿ–ಅಂಕೋಲಾ ಮಾರ್ಗ ದಶಕಗಳಿಂದ ಕಾಡಿನ ಪ್ರಶ್ನೆಯಲ್ಲಿ ನಿಂತಿದೆ. ಬಂದರೆ ವ್ಯಾಪಾರಕ್ಕೆ ಅನುಕೂಲ, ಸುಳ್ಳಲ್ಲ. ಆದರೂ ಆ ಕಾಡನ್ನು ಒಮ್ಮೆ ಹಾದುಹೋದವನಾಗಿ ಹೇಳುತ್ತೇನೆ, ನಾಲ್ಕು ತಾಸು ಬಸ್ಸಿನಲ್ಲಿ ಕೂಡ್ರುವುದು ದೊಡ್ಡ ತ್ಯಾಗವಲ್ಲ. ಬೇಡ್ತಿಗೆ ವರ್ಷವಿಡೀ ಹನಿ ಕೂಡಿಸಿ ಕೊಡುವುದು ಆ ಕಾಡು.

"ಬುತ್ತಿಗೆ ಏನ ಕಟ್ಟೂದರೀ?" ಅಕ್ಕಾರ ಮನೆ ಸಸ್ಯಾಹಾರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎಣ್ಣೆಗಾಯಿ ಸಾಕು ಎಂದೆ. ಮೊಸರನ್ನ ಬೇಡ, ಕರಾವಳಿಯ ಸೆಕೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹುಳಿ ಬರುತ್ತದೆ. ಕುಡಿಯುವ ನೀರು ಇಮ್ಮಡಿ ಒಯ್ಯಬೇಕು, ಅಲ್ಲಿ ಮೈಯಿಂದ ಬೆವರು ಇಳಿಯುವುದು ಗೊತ್ತೇ ಆಗುವುದಿಲ್ಲ. ಬಾಯಾರಿದರೆ ಮುರುಗಲ ಹಣ್ಣಿನ ಶರಬತ್ತು ಕುಡಿಯಿರಿ. ಕಾಳಗಡಲೆ, ಶೇಂಗಾ ಉಂಡೆ ಸ್ವಲ್ಪ ಹೆಚ್ಚೇ ಇರಲಿ. ದಂಡೆಯ ಮೇಲೆ ಯಾರಾದರೂ ಮಾತಿಗೆ ಸಿಗುತ್ತಾರೆ, ಅವರ ಕೈಗೂ ಒಂದಿಷ್ಟು ಹಾಕಬೇಕಲ್ಲ.

ನನ್ನ ತಾಯಿಯನ್ನು ಮೊದಲ ಸಲ ಕರೆದುಕೊಂಡು ಹೋದದ್ದನ್ನು ಅಕ್ಕಾರಿಗೆ ಹೇಳಿದೆ. ಗಾಳಿಮರಗಳ ಸಾಲಿನ ಈಚೆ ಕಾರು ನಿಲ್ಲಿಸಿದಾಗ ಕಾಣುವ ಮೊದಲು ಕೇಳಿಸಿತು. "ಏನದು, ಗಿರಣಿಯೇನ?" ಎಂದರು. ಮರಳು ಏರಿ ನಿಂತಮೇಲೆ ಮಾತಿಲ್ಲ. ಚಪ್ಪಲಿ ಕಳಚಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಒಂದು ಹನಿ ನಾಲಿಗೆಗೆ ಇಟ್ಟುಕೊಂಡು ನೋಡಿದರು. ಸಮುದ್ರದ ನೀರಿನಲ್ಲಿ ಉಪ್ಪಿದೆ ಎಂಬುದು ಅವರಿಗೆ ಗೊತ್ತಿತ್ತು, ಆದರೆ ಇಷ್ಟು ಎಂದು ಗೊತ್ತಿರಲಿಲ್ಲ. ಒಂದು ಲೀಟರಿಗೆ ಸುಮಾರು 35 ಗ್ರಾಂ. ಹತ್ತು ಲೀಟರಿನ ಬಕೆಟ್ಟು ತುಂಬಿ ಕಾಯಿಸಿದರೆ ಮೂರೂವರೆ ನೂರು ಗ್ರಾಂ ಉಪ್ಪು ತಳದಲ್ಲಿ ಉಳಿಯುತ್ತದೆ. ಎಷ್ಟೋ ಹೊತ್ತು ಹಾಗೇ ನಿಂತಿದ್ದರು. ಅಲೆ ಬಂದು ಪಾದದ ಕೆಳಗಿನ ಮರಳನ್ನು ಎಳೆದುಕೊಂಡು ಹೋದಾಗಲೆಲ್ಲ ನನ್ನ ಕೈ ಬಿಗಿಯಾಗಿ ಹಿಡಿಯುತ್ತಿದ್ದರು. ಬದುಕಿನಲ್ಲಿ ನನ್ನ ಕೈ ಹಿಡಿದು ನಡೆಸಿದ್ದವರು ಹಾಗೆ ನನ್ನ ಕೈ ಹಿಡಿದದ್ದು ಅದೇ ಮೊದಲು. ಈ ವರ್ಷವೇ ಕರೆದುಕೊಂಡು ಹೋಗಿ ಎಂದು ನಾನು ಅಕ್ಕಾರನ್ನು ಒತ್ತಾಯಿಸುವುದು ಇದಕ್ಕೇ. ಮಂಡಿ ನೋವು ಶುರುವಾದಮೇಲೆ ಮರಳಲ್ಲಿ ನಡೆಯುವುದು ಕಷ್ಟ.

ಆಚೆ ದಂಡೆಯ ಮಾತಿಗೂ ಉತ್ತರ ಇದೆ. ದಂಡೆಯ ಮೇಲೆ ನಿಂತವರಿಗೆ ನೀರೂ ಆಕಾಶವೂ ಕೂಡಿದಂತೆ ಕಾಣುವ ಗೆರೆ ನಾಲ್ಕೈದು ಕಿಲೋಮೀಟರಿಗಿಂತ ದೂರ ಇರುವುದಿಲ್ಲ. ಭೂಮಿ ದುಂಡಗಿರುವುದರಿಂದ ಅದರಾಚೆಯದು ಕಣ್ಣಿಗೆ ಮರೆ. ನಿಜವಾದ ಆಚೆ ದಂಡೆ, ಅಂಕೋಲೆಯಿಂದ ನೇರ ಪಶ್ಚಿಮಕ್ಕೆ ಹೋದರೆ, ಎರಡೂವರೆ ಸಾವಿರ ಕಿಲೋಮೀಟರಿಗೂ ಆಚೆ ಯೆಮನ್ ದೇಶದಲ್ಲಿದೆ. ನಡುವೆ ಒಂದು ದ್ವೀಪವೂ ಅಡ್ಡ ಬರುವುದಿಲ್ಲ. ಜೂನ್ ತಿಂಗಳಲ್ಲಿ ನಾವು ಬಾಯಿ ಬಿಟ್ಟುಕೊಂಡು ಕಾಯುವ ಮುಂಗಾರು ಈ ನೀರಿನ ಮೇಲಿಂದಲೇ ಎದ್ದು ಬರುವುದು. ಘಟ್ಟಕ್ಕೆ ಬಡಿದು ಕಾರವಾರ, ಅಂಕೋಲೆಯ ಕಡೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಸುರಿಸಿ, ಉಳಿದದ್ದನ್ನು ನಮಗೆ ತರುತ್ತದೆ. ಧಾರವಾಡಕ್ಕೆ 800ರ ಆಸುಪಾಸು, ನವಲಗುಂದಕ್ಕೆ ಇನ್ನೂ ಕಡಿಮೆ. ಬಿತ್ತಿದ ಹೆಸರು ಒಣಗುವುದನ್ನು ಕಂಡ ಜೀವ ಒಮ್ಮೆ ಈ ಮೋಡದ ತವರನ್ನು ನೋಡಬೇಕು.

ಅಕ್ಕಾರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಲ್ರೀ ಅಣ್ಣಾರ, ನಮ್ಮ ನೀರು ಅಷ್ಟು ದೂರ ಹೋಗಿ ಸುಮ್ಮನ ಉಪ್ಪಿನಾಗ ಕೂಡಿ ಹಾಳಾಗತೈತಲ್ಲ? ನಮ್ಮತ್ತಿ ತವರಮನ್ಯಾಗ ಕುಡ್ಯಾಕ ನೀರಿಲ್ಲ."

ಇದು ಸುಲಭದ ಪ್ರಶ್ನೆಯಲ್ಲ. ಮಹದಾಯಿ ನದಿಯ ನೀರಿಗಾಗಿ ನರಗುಂದ, ನವಲಗುಂದದವರು ವರ್ಷಗಟ್ಟಲೆ ಕೂತು ಹೋರಾಡಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿದಮೇಲೂ ಅವರ ಕಾಲುವೆಗೆ ನೀರು ಹರಿದಿಲ್ಲ. ಆ ಬಾಯಾರಿಕೆ ನನ್ನ ಬಾಯಾರಿಕೆ ಕೂಡ. ಈಗ ಇದೇ ಬೇಡ್ತಿಯನ್ನು ವರದಾ ನದಿಗೆ ಜೋಡಿಸುವ ಮಾತೂ ನಡೆದಿದೆ. ಬಯಲುಸೀಮೆಯವನಾಗಿ ನನಗೂ ಮೊದಲು ಬರುವ ಯೋಚನೆ, ಬರಲಿ ಎಂಬುದೇ. ಆದರೆ ಅಳಿವೆಯಲ್ಲಿ ಒಂದು ಹೊತ್ತು ನಿಂತು ನೋಡಿದಮೇಲೆ, ಆ ನೀರು ಯಾರಿಗೂ ಬೇಡವಾಗಿ ಹೋಗುತ್ತದೆ ಎಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ.

ಅಳಿವೆ ಎಂದರೆ ಹೊಳೆ ಸಮುದ್ರ ಸೇರುವ ಬಾಯಿ. ಗಂಗಾವಳಿಯ ಉತ್ತರ ದಂಡೆಯ ಮೇಲೆ ಮಂಜಗುಣಿ, ದಕ್ಷಿಣ ದಂಡೆಯ ಮೇಲೆ ಗಂಗಾವಳಿ ಎಂಬ ಊರು. ಇಲ್ಲಿ ಸಿಹಿನೀರು ಉಪ್ಪುನೀರು ದಿನಕ್ಕೆರಡು ಸಲ ಒಂದನ್ನೊಂದು ತಳ್ಳುತ್ತವೆ. ಭರತದ ಹೊತ್ತಿಗೆ ಕಡಲು ಹೊಳೆಯೊಳಗೆ ಹತ್ತಿ ಬರುತ್ತದೆ, ಇಳಿತಕ್ಕೆ ಹೊಳೆ ಗೆದ್ದು ಹೊರಗೆ ನುಗ್ಗುತ್ತದೆ. ಎರಡೂ ಬೆರೆತ ಆ ನೀರೇ ಸಿಗಡಿಯ, ಎಷ್ಟೋ ಜಾತಿಯ ಮೀನಿನ ಮರಿಗಳು ಬೆಳೆಯುವ ಜಾಗ. ನೀರು ಇಳಿದಾಗ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಚಿಪ್ಪಿಕಲ್ಲು ಆಯುತ್ತಾರೆ. ದಕ್ಷಿಣಕ್ಕೆ ಅಘನಾಶಿನಿಯ ಕಡೆ ಹೋದರೆ ಗಜನಿ ಎಂಬ ಗದ್ದೆಗಳಿವೆ. ಅಲ್ಲಿ ಉಪ್ಪುನೀರನ್ನು ತಡೆದುಕೊಂಡು ಬೆಳೆಯುವ ಕಗ್ಗ ಎಂಬ ಭತ್ತ. ಮೇಲಿನಿಂದ ಸಿಹಿನೀರು ಬರುವುದು ಕಡಿಮೆಯಾದರೆ ಉಪ್ಪು ಒಳನಾಡಿಗೆ ಏರಿ ಬಾವಿಗಳನ್ನು ಹಿಡಿಯುತ್ತದೆ. ಚಿಪ್ಪಿಕಲ್ಲು ತುಂಬಿದ ಬುಟ್ಟಿ ತಲೆಯ ಮೇಲಿಟ್ಟು ಮನೆಗೆ ಹೋಗುವ ಆ ಹೆಂಗಸಿಗೂ, ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ನವಲಗುಂದದ ಹೆಂಗಸಿಗೂ ನಡುವೆ ಯಾರು ಹೆಚ್ಚು ಎಂದು ನಾನು ತೂಗಲಾರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಬೇಕು ಎಂದಷ್ಟೇ ಕೇಳುತ್ತೇನೆ. ನೋಡಿದವರು ಕೂತು ಮಾತಾಡುವುದೇ ಬೇರೆ.

ಇನ್ನೊಂದು ಸಂಗತಿ ಕೇಳಿ ಅಕ್ಕಾರು ಕಣ್ಣರಳಿಸಿದರು. ದೀಪಾವಳಿಯ ಹೊತ್ತಿಗೆ ಗೋಕರ್ಣದ ಮಹಾಬಲೇಶ್ವರನಿಗೂ ಗಂಗಾವಳಿಯ ಗಂಗೆಗೂ ಮದುವೆ ಮಾಡುವ ಪದ್ಧತಿ ಅಲ್ಲಿದೆ. ಹೊಳೆ ದಂಡೆಯ ಜನರೆಲ್ಲ ಸೇರಿ ನಡೆಸುವ ಮದುವೆ ಅದು. "ಅಂದ್ರ ಹೆಣ್ಣಿನ ತವರುಮನಿ ನಮ್ಮ ಧಾರವಾಡ!" ಎಂದರು ಅಕ್ಕಾರು. ನನಗೆ ಹೊಳೆದಿರಲಿಲ್ಲ, ಹೌದಲ್ಲ!

ದಂಡೆಯ ಮೇಲೆ ನೋಡಲೇಬೇಕಾದದ್ದು ಇನ್ನೊಂದಿದೆ, ಏಂಡಿ ಬಲೆ ಎಳೆಯುವುದು. ದೋಣಿಯಲ್ಲಿ ಹೋಗಿ ಕಡಲಲ್ಲಿ ಬಲೆಯನ್ನು ಬಳಸಿ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಂಡೆಗೆ ತಂದು ಎರಡು ಸಾಲು ಜನ ಎಳೆಯುತ್ತಾರೆ. ಇದರ ಹಿರಿಯಣ್ಣ ರಂಪಣಿ ಬಲೆ. ಇಡೀ ಕೇರಿಯೇ ಕೂಡಿ ಎಳೆಯುತ್ತಿದ್ದ, ಬಂದದ್ದನ್ನು ಪಾಲು ಹಂಚಿಕೊಳ್ಳುತ್ತಿದ್ದ ಆ ಬಲೆ 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದಮೇಲೆ ಕುಂದುತ್ತ ಹೋಯಿತು. ಏಂಡಿ ಎಳೆಯುವವರನ್ನು ಕೇಳಿಕೊಂಡು ಹಗ್ಗಕ್ಕೆ ಕೈ ಹಚ್ಚಿ ನೋಡಿ. ನಮ್ಮೂರ ಜಾತ್ರೆಯಲ್ಲಿ ತೇರು ಎಳೆದವರಿಗೆ ಆ ಹಗ್ಗದ ಬಿಗಿ ತಕ್ಷಣ ಪರಿಚಯವಾಗುತ್ತದೆ. ಒಬ್ಬರ ಉಸಿರಿಗೆ ಇನ್ನೊಬ್ಬರ ಉಸಿರು ಕೂಡಿದಾಗಲೇ ಅದು ಮುಂದೆ ಬರುತ್ತದೆ. ಬಲೆಯಲ್ಲಿ ತಾರ್ಲೆ, ಬಂಗಡೆ ಮಿಣುಗುತ್ತಿರುತ್ತವೆ. ಮೀನು ತಿನ್ನದ ಮನೆಯವರು ನೀವು, ವಾಸನೆ ಹಿಡಿಸದೆ ಇರಬಹುದು. ಆದರೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳಬೇಡಿ ಎಂದು ಅತ್ತೆಯವರಿಗೂ ಮಕ್ಕಳಿಗೂ ಹೇಳಿಕೊಂಡು ಹೋಗಿ. ಮರಳಿನ ಮೇಲೆ ಹರವಿದ ಒಣಮೀನು ಒಂದು ಮನೆಯ ಮಳೆಗಾಲದ ಅನ್ನ. ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮೊಟ್ಟೆಯಿಡುವ ಕಾಲ. ಆಗ ಕೈಗೆ ಬರುವುದು ಈ ಒಣಗಿಸಿದ್ದೇ.

ಅಂಕೋಲೆಯ ಉಪ್ಪಿನ ಕತೆ ಮಕ್ಕಳಿಗೆ ಹೇಳಬೇಕು. 1930ರ ಏಪ್ರಿಲಿನಲ್ಲಿ, ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದ ಮರುವಾರವೇ, ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿ ಉಪ್ಪಿನ ಕಾಯಿದೆ ಮುರಿದರು. ಕರ್ನಾಟಕದ ಬಾರ್ಡೋಲಿ ಎಂದು ಈ ಊರಿಗೆ ಹೆಸರು ಬಂದದ್ದು ಸುಮ್ಮನೆ ಅಲ್ಲ; ಕರನಿರಾಕರಣೆಯಲ್ಲಿ ರೈತರು ಹೊಲಮನೆಗಳನ್ನೇ ಕಳೆದುಕೊಂಡರು. ಸಮಯ ಉಳಿದರೆ ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ ನೋಡಬಹುದು, ಭರತದ ನೀರನ್ನು ಒಳಗೆ ಬಿಟ್ಟುಕೊಂಡು ಬಿಸಿಲಿಗೆ ಇಂಗಿಸಿ ಉಪ್ಪು ತೆಗೆಯುವ ಚೌಕಗಳು. ಕಾರವಾರ ಮಾತ್ರ ಈ ಸಲ ಬೇಡ ಎಂದೆ. ರವೀಂದ್ರನಾಥ ಟ್ಯಾಗೋರರು ಇಪ್ಪತ್ತೆರಡರ ಪ್ರಾಯದಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಉಳಿದು ಮನಸೋತ ದಂಡೆ ಅದು. ಅವಸರದಲ್ಲಿ ನೋಡುವಂಥದ್ದಲ್ಲ.

ಒಂದು ಮಾತನ್ನು ಮಾತ್ರ ನಾನು ಗೋಡೆಯ ಮೇಲೆ ಕೈಯಿಟ್ಟು ಹೇಳಿದೆ. ನಾವು ಒಳನಾಡಿನವರು ಕೆರೆಯಲ್ಲಿ, ಬಾವಿಯಲ್ಲಿ ಈಜು ಕಲಿತವರು. ಆ ಈಜು ಸಮುದ್ರಕ್ಕೆ ನಡೆಯುವುದಿಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲೆಯ ಪ್ರವಾಸ ಬಂದಿದ್ದ ಕೋಲಾರದ ಕಡೆಯ ನಾಲ್ವರು ಹೆಣ್ಣುಮಕ್ಕಳನ್ನು ಕಡಲು ಒಯ್ದಿತು. ಸಮುದ್ರ ನೋಡುವ ಆಸೆಯಿಂದಲೇ ರಾತ್ರಿಯಿಡೀ ಬಸ್ಸಿನಲ್ಲಿ ಹಾಡಿಕೊಂಡು ಬಂದಿರುತ್ತಾರೆ ಇಂಥ ಮಕ್ಕಳು. ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟ. ಅಲೆಗಳು ಬಿಳಿ ನೊರೆಯಾಗಿ ಒಡೆಯುವ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ, ಅಲ್ಲೇ ಇಳಿಯೋಣ ಅನಿಸುತ್ತದೆ. ದಂಡೆಗೆ ಬಂದ ನೀರು ಒಳಕ್ಕೆ ಮರಳುವ ದಾರಿ ಅದೇ; ನಿಂತವರ ಕಾಲು ಕೀಳುತ್ತದೆ. ಸಿಕ್ಕಿಕೊಂಡರೆ ದಂಡೆಯ ಕಡೆ ನೇರ ಈಜಿ ದಣಿಯಬಾರದು, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಆ ಪಟ್ಟಿಯಿಂದ ಹೊರಬರಬೇಕು. ಅಳಿವೆಯ ಬಾಯಲ್ಲಂತೂ ನೀರಿಗೆ ಇಳಿಯಲೇಬಾರದು, ಇಳಿತದ ಸೆಳೆತ ಅಲ್ಲಿ ಅತಿ ಹೆಚ್ಚು. ನೀರಾಡುವ ಆಸೆಯಿದ್ದರೆ ಕಾವಲಿನವರು ಇರುವ ಗೋಕರ್ಣದ ಮುಖ್ಯ ದಂಡೆಗೆ ಹೋಗಿ, ಮೊಣಕಾಲಿನ ತನಕ ಸಾಕು. ಕೆಂಪು ಬಾವುಟ ಕಂಡರೆ ಅದೂ ಬೇಡ. ಮಳೆಗಾಲದಲ್ಲಿ ಈ ದಾರಿಯೇ ಬೇಡ. 2024ರ ಜುಲೈ 16ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಇದೇ ಗಂಗಾವಳಿಗೆ ತಳ್ಳಿತು. ಆ ತಿರುವಿನಲ್ಲಿ ಹಾದುಹೋಗುವಾಗ ಒಂದು ಕ್ಷಣ ಕೈಮುಗಿಯಿರಿ.

"ಸೂರ್ಯಾ ಮುಳುಗೂದ ನೋಡಿ ಬರಬೇಕಂತಾನ್ರೀ ನಮ್ಮ ಹುಡುಗ" ಎಂದರು ಅಕ್ಕಾರು. ನಾನು ಒಪ್ಪಲಿಲ್ಲ. ಮುಳುಗುವ ಸೂರ್ಯ ನಮ್ಮ ಜೋಳದ ಹೊಲದ ಮೇಲೂ ಅಷ್ಟೇ ಚೆಂದ. ಹಿರಿಯರನ್ನು ಕೂಡಿಸಿಕೊಂಡು ಕತ್ತಲಲ್ಲಿ, ಲಾರಿಗಳ ನಡುವೆ ಅರಬೈಲು ಹತ್ತುವುದು ಬೇಡ. ನಾಲ್ಕಕ್ಕೆ ಹೊರಟರೆ ಬೆಳಕಿರುವಾಗಲೇ ಯಲ್ಲಾಪುರ ಮುಟ್ಟಬಹುದು, ಒಂಬತ್ತರೊಳಗೆ ಮನೆ. ಅದರ ಬದಲು ಕಡಲು ಇಳಿಯುವುದನ್ನೂ ಏರುವುದನ್ನೂ ಎರಡನ್ನೂ ನೋಡಿ ಬನ್ನಿ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಅಂದರೆ ಹೋಗುವ ದಿನವನ್ನು ರಜೆ ನೋಡಿ ಅಲ್ಲ, ತಿಥಿ ನೋಡಿ ಗೊತ್ತುಮಾಡಬೇಕು.

ಇಷ್ಟು ಹೊತ್ತು ಹಿತ್ತಲ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅತ್ತೆಯವರು ಆಗ ಬಾಯಿ ತೆರೆದರು. "ಎಳ್ಳಮಾಸಿ ಹತ್ರ ಬಂತಲ್ಲ, ಅದ ದಿನಾ ಹೋಗೂಣೇನ?"

"ಅವತ್ತ ಹೊಲಕ್ಕ ಚರಗಾ ಚೆಲ್ಲೋರು ಯಾರ್ರೀ ಅತ್ತಿ?" ಎಂದರು ಅಕ್ಕಾರು. ಅಮಾವಾಸ್ಯೆ ದಿನ ಪ್ರಯಾಣ ಬೇಡ ಎಂದು ಯಜಮಾನರು ಬೇರೆ ತಗಾದೆ ತೆಗೆಯುತ್ತಾರಂತೆ. ಮೊಮ್ಮಗಳು ಒಳಗಿನಿಂದ ತೂಗುಪಂಚಾಂಗ ಕಿತ್ತುಕೊಂಡು ಬಂದಳು. ಅಜ್ಜಿ, ಸೊಸೆ, ಮೊಮ್ಮಗಳು ಮೂವರೂ ತಲೆ ಕೂಡಿಸಿ ಬನದ ಹುಣ್ಣಿಮೆಯ ಮರುದಿನವನ್ನು ಗೊತ್ತುಮಾಡಿದರು. ಕಾರಿನಲ್ಲಿ ಇನ್ನೊಂದು ಸೀಟು ಉಳಿಯುತ್ತದೆ, ನೀವೂ ಬನ್ನಿ ಎಂದರು ಅಕ್ಕಾರು. ನಾನು ಹೂಂ ಎಂದೆ.